ಬಳ್ಳಿಯ ನಡೆಗೆ ಮನಶ್ಶಾಸ್ತ್ರದ ಅಳತೆ

ಚಿಂಚೋಳಿ, ಚಂದಾಪುರದ ಸುತ್ತಲಿನ ಎರೆಹೊಲಗಳಲ್ಲಿ ತೊಗರಿ ನೋಡಲು ನಿಶ್ಚಲ, ಆದರೆ ದಿನವಿಡೀ ಚಲಿಸುತ್ತಿರುತ್ತದೆ. ಮಳೆ ಕೈಕೊಟ್ಟ ದಿನಗಳ ಮಧ್ಯಾಹ್ನ ಎಲೆಗಳು ಬಿಸಿಲಿಗೆ ಅಂಚು ತೋರಿಸಿ ನಿಲ್ಲುತ್ತವೆ, ಇರುಳಾದರೆ ಮಡಚಿಕೊಳ್ಳುತ್ತವೆ. ಎಲೆಬುಡದ ಸಣ್ಣ ಉಬ್ಬಿನಲ್ಲಿ ಒಂದು ಮಗ್ಗುಲಿನ ಕೋಶಗಳಿಗೆ ನೀರು ಏರಿ, ಇನ್ನೊಂದು ಮಗ್ಗುಲಿನಿಂದ ಇಳಿದರೆ ಎಲೆ ತಿರುಗಿತು. ಬಿತ್ತಿ ಒಂದೂವರೆ ತಿಂಗಳಾಗುವ ಹೊತ್ತಿಗೆ ರೈತರು ಕುಡಿ ಚಿವುಟುತ್ತಾರೆ. ತುದಿಯಿಂದ ಇಳಿಯುತ್ತಿದ್ದ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ನಿಲ್ಲುತ್ತದೆ, ಸಕ್ಕರೆ ಪಕ್ಕದ ಮೊಗ್ಗುಗಳ ಕಡೆ ಹರಿಯುತ್ತದೆ, ಗಿಡ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಇದನ್ನು ಗಿಡದ ತಿಳಿವಳಿಕೆ ಎನ್ನಲು ನನಗೆ ಮನಸ್ಸಿಲ್ಲ. ನೀರು, ರಾಸಾಯನಿಕಗಳ ಮಾತಿನಲ್ಲೇ ಪೂರ್ತಿ ವಿವರಿಸಬಹುದಾದದ್ದಕ್ಕೆ ಮನಸ್ಸನ್ನು ಕರೆತರುವುದು ಏಕೆ? ಹಾಗಾದರೆ ಸಸ್ಯದ ಎಂಥ ನಡೆ ಕಂಡಾಗ ಅರಿವಿನ ಮಾತೆತ್ತುವುದು ನ್ಯಾಯ?

ಈ ಪ್ರಶ್ನೆಗೆ ಒಂದು ದಾರಿ ತೋರಿಸಿದವರು ಸಸ್ಯಶಾಸ್ತ್ರಜ್ಞರಲ್ಲ, ಇಟಲಿಯ ಪಡುವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಉಂಬರ್ಟೊ ಕಾಸ್ಟಿಯೆಲ್ಲೊ. ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಮನುಷ್ಯರ ಕೈಯನ್ನು ಅಳೆಯುವುದರಲ್ಲಿ. ಲೋಟಕ್ಕೆ ಕೈ ಚಾಚಿದಾಗ ಬೆರಳುಗಳು ಮುಟ್ಟುವ ಮೊದಲೇ ಲೋಟದ ಗಾತ್ರಕ್ಕೆ ತಕ್ಕಂತೆ ಅಗಲವಾಗುತ್ತವೆ. ಸ್ಪರ್ಶ ಇನ್ನೂ ಆಗಿಲ್ಲ, ಆದ್ದರಿಂದ ಈ ಅಗಲಿಕೆ ಸ್ಪರ್ಶಕ್ಕೆ ಕೊಟ್ಟ ಉತ್ತರವಲ್ಲ, ಮುಂಚಿತವಾದ ಸಿದ್ಧತೆ. 2010ರಲ್ಲಿ ಅವರ ತಂಡ ಇದೇ ದೃಷ್ಟಿಯಿಂದ ಗರ್ಭದಲ್ಲಿರುವ ಅವಳಿಗಳನ್ನು ನೋಡಿತು. ಹದಿನಾಲ್ಕನೆಯ ವಾರದಲ್ಲೇ ಒಂದು ಮಗು ಇನ್ನೊಂದರತ್ತ ಕೈ ಚಾಚುವುದನ್ನು ದಾಖಲಿಸಿತು. ಮಾತಾಡದ ಜೀವಿಯ ಉದ್ದೇಶವನ್ನು ಅದರ ಚಲನೆಯಲ್ಲೇ ಓದುವ ಅಭ್ಯಾಸ ಇದ್ದವರು ಮುಂದೆ ಬಟಾಣಿ ಬಳ್ಳಿಯತ್ತ ತಿರುಗಿದ್ದು ನನಗೆ ಸಹಜವೆನಿಸುತ್ತದೆ.

2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ತೆಳ್ಳಗಿನ ಕೋಲು, ದಪ್ಪ ಕೋಲು, ಜೊತೆಗೆ ಹಿಡಿಯಲಾಗದ ಕೋಲಿನ ಬರೀ ಚಿತ್ರ ಇದ್ದವು. ಕೋಲು ಮುಟ್ಟುವ ಮೊದಲೇ ಕುಡಿಬಳ್ಳಿಗಳ ನಡುವಿನ ಅಂತರ ಕೋಲಿನ ದಪ್ಪಕ್ಕೆ ತಕ್ಕಂತೆ ಬದಲಾಯಿತು. ಚಿತ್ರದ ಮುಂದೆ ಆ ಹೊಂದಾಣಿಕೆ ಕಾಣಲಿಲ್ಲ. ಈ ಕೊನೆಯ ಸಂಗತಿಯೇ ಮುಖ್ಯ. 1865ರಲ್ಲಿ ಹತ್ತುಬಳ್ಳಿಗಳ ಬಗ್ಗೆ ಬರೆದ ಡಾರ್ವಿನ್, 1880ರಲ್ಲಿ ಬೇರಿನ ತುದಿಯನ್ನು ಕೆಳಸ್ತರದ ಪ್ರಾಣಿಯ ಮಿದುಳಿಗೆ ಹೋಲಿಸಿದ್ದರು. ಆದರೆ ಹೋಲಿಕೆ ಎಷ್ಟೇ ಸೊಗಸಾಗಿದ್ದರೂ ಪುರಾವೆಯಾಗದು. ಹಿಡಿಯಬಹುದಾದದ್ದನ್ನೂ ಹಿಡಿಯಲಾಗದ್ದನ್ನೂ ಬಳ್ಳಿ ಬೇರೆಮಾಡಿ ನಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಧ್ಯ. ಮನಶ್ಶಾಸ್ತ್ರ ಇಲ್ಲಿ ಕೊಟ್ಟದ್ದು ಬಳ್ಳಿಗೆ ಮನಸ್ಸನ್ನಲ್ಲ, ಪರೀಕ್ಷಿಸಬಹುದಾದ ಪ್ರಶ್ನೆಯನ್ನು.

ನಮ್ಮಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಕನ್ನಡಿಗರು ಕಾದಂಬರಿಕಾರರೆಂದು ಬಲ್ಲ ಕೆ.ಎನ್. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ಅವರೂ ಆರ್. ಉಮಾಶಂಕರ್ ಅವರೂ 1988ರಲ್ಲಿ ಶೀಶಮ್ ಮರದ ಕಾಯಿಯ ಬಗ್ಗೆ ಬರೆದರು. ಕಾಯಿಯೊಳಗೆ ನಾಲ್ಕೈದು ಅಂಡಕಗಳಿದ್ದರೂ ಸಾಮಾನ್ಯವಾಗಿ ಬಲಿಯುವುದು ಒಂದೇ ಬೀಜ. ಅದು ತಾಯಿಮರದ ನಿರ್ಧಾರವೋ, ಒಡಹುಟ್ಟಿದ ಬೀಜಗಳ ಪೈಪೋಟಿಯೋ? ಮುಂದೆ ಸಾಗಿದ ಬೀಜವೇ ಉಳಿದವನ್ನು ರಾಸಾಯನಿಕದಿಂದ ತಡೆಯುತ್ತದೆ ಎಂಬ ಕಡೆಗೆ ಅವರ ಪ್ರಯೋಗ ಬೆರಳು ಮಾಡಿತು. ಬೀಜಕ್ಕೆ ಹೊಟ್ಟೆಕಿಚ್ಚಿದೆ ಎಂದು ಯಾರೂ ಹೇಳಲಿಲ್ಲ. ಪೈಪೋಟಿ ಎಂಬ ಮಾತು ಮಾತ್ರ, ಏನನ್ನು ಹುಡುಕಬೇಕೆಂದು ತೋರಿಸಿತು. ಮನುಷ್ಯರ ಬದುಕಿನಿಂದ ಎರವಲು ತಂದ ಮಾತು ಹೊಸ ಪ್ರಯೋಗ ಹುಟ್ಟಿಸುವುದಾದರೆ ಅದನ್ನು ತರಬೇಕು. ಬೆರಗು ಮಾತ್ರ ಹುಟ್ಟಿಸುವುದಾದರೆ ಬಿಡಬೇಕು.

ಬೆರಗಿಗೆ ಬೆಲೆ ತೆರಬೇಕಾಗುತ್ತದೆ. ಗಾಳಿ ಬೀಸಿದ ಕಡೆಗೇ ಬೆಳಕು ಬರುತ್ತದೆಂದು ಬಟಾಣಿ ಸಸಿ ಕಲಿಯುತ್ತದೆ ಎಂದು ಮೋನಿಕಾ ಗಾಲ್ಯಾನೊ ತಂಡ 2016ರಲ್ಲಿ ವರದಿ ಮಾಡಿದಾಗ ಜಗತ್ತು ಚಪ್ಪಾಳೆ ತಟ್ಟಿತು. 2020ರಲ್ಲಿ ಕೇಸಿ ಮಾರ್ಕೆಲ್ ಹೆಚ್ಚು ಸಸಿಗಳನ್ನಿಟ್ಟು, ಯಾವ ಸಸಿ ಯಾವ ಗುಂಪಿನದೆಂದು ಅಳೆಯುವವರಿಗೆ ತಿಳಿಯದಂತೆ ಅದನ್ನು ಮತ್ತೆ ಮಾಡಿದರು. ಕಲಿಕೆಗೆ ಪುರಾವೆ ಸಿಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಲಿಂಕನ್ ಟೈಜ್ ಮತ್ತು ಸಂಗಡಿಗರು ಸಸ್ಯಕ್ಕೆ ಪ್ರಜ್ಞೆ ಇಲ್ಲ, ಬೇಕಾಗಿಯೂ ಇಲ್ಲ ಎಂದು ವಾದಿಸಿದ್ದರು. ಪ್ರಜ್ಞೆಯ ಮಟ್ಟಿಗೆ ನಾನು ಅವರ ಪಕ್ಷ. ಆದರೆ ಪ್ರಜ್ಞೆ ಇಲ್ಲವೆಂದ ಮಾತ್ರಕ್ಕೆ ಮುಂಚಿತ ಸಿದ್ಧತೆಯ ಪ್ರಶ್ನೆ ಬಿದ್ದುಹೋಗುವುದಿಲ್ಲ. ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದರಿಂದಲೇ ಈ ಚರ್ಚೆ ಇಷ್ಟು ಕಾವೇರಿದೆ.

ಈ ಕೆಲಸ ಪಡುವಾಕ್ಕೇ ಸೀಮಿತವಾಗಬೇಕಿಲ್ಲ. ನಮ್ಮ ಭಾಗದ ಯಾವ ಕಾಲೇಜಿನ ಮನಶ್ಶಾಸ್ತ್ರದ ವಿದ್ಯಾರ್ಥಿಯಾದರೂ ಹೀರೆಬಳ್ಳಿಯ ಮುಂದೆ ಎರಡು ದಪ್ಪದ ಕೋಲು ನೆಟ್ಟು, ಮೊಬೈಲಿನಲ್ಲಿ ಕೆಲವು ನಿಮಿಷಗಳಿಗೊಂದು ಚಿತ್ರ ತೆಗೆಯಬಹುದು. ಕೋಲಿನ ವಿಷಯ ಬೆಳಕಿನಿಂದ ತಿಳಿಯುತ್ತದೆಯೋ ಬೇರಿನಿಂದಲೋ ನೋಡಲು ಕೆಲವು ಕೋಲುಗಳನ್ನು ಮಣ್ಣಿಗೆ ತಾಗದಂತೆ ಮೇಲಿನಿಂದ ತೂಗುಹಾಕಬೇಕು. ಅಳತೆಯನ್ನು ಮಾತ್ರ ಬೇರೆ ಗೆಳೆಯರಿಗೆ ಒಪ್ಪಿಸಬೇಕು, ಚಿತ್ರದಲ್ಲಿ ಕೋಲು ಕಾಣದಂತೆ ಮರೆಮಾಡಿ.