ಭಟ್ರ ಸಾಲವೂ ನನ್ನ ಎಕ್ಸೆಲ್ ಶೀಟೂ

ಡಬ್ಲಿನ್ನಿನಲ್ಲಿ ನಾಲ್ಕು ಜನ ಕನ್ನಡದವರು ಒಂದು ಕಡೆ ಸೇರಿದರೆ ಮೊದಲ ಹತ್ತು ನಿಮಿಷ ಮಳೆ, ಆಮೇಲೆ ವೀಸಾ, ಊಟಕ್ಕೆ ಕೂತ ಮೇಲೆ ಮನೆ. ಮನೆ ಅಂದ್ರೆ ಮನೆಯಲ್ಲ ಕಣ್ರೀ, ಮನೆ ಸಾಲ. ಯಾವ ಬ್ಯಾಂಕು, ಎಷ್ಟು ಪರ್ಸೆಂಟು, ಎಷ್ಟು ವರ್ಷ. ಈ ಚರ್ಚೆಯಲ್ಲಿ ಯಾರಾದರೂ "ನಾನು ಬೇಗ ತೀರಿಸಿಬಿಡಬೇಕು ಅಂತಿದೀನಿ" ಅಂದರೋ, ಸಾಫ್ಟ್‌ವೇರಿನವರೆಲ್ಲ ಒಟ್ಟಿಗೆ ಅವರ ಮೇಲೆ ಬೀಳ್ತೀವಿ. "ಅಯ್ಯೋ, ಹೌಸಿಂಗ್ ಲೋನಿನಷ್ಟು ಅಗ್ಗದ ಸಾಲ ಇನ್ನೊಂದಿಲ್ಲ, ಆ ದುಡ್ಡನ್ನ ಹೂಡಿಕೆ ಮಾಡಿ!" ನಾನೂ ಹೀಗೇ ಹೇಳ್ತಿದ್ದೆ. ನನಗಿನ್ನೂ ಇಲ್ಲಿ ಸ್ವಂತ ಮನೆ ಇಲ್ಲ, ಬಾಡಿಗೆಗೆ ಇದೀನಿ ಅನ್ನೋದು ಬೇರೆ ವಿಷಯ.

ಆ ಮಾತು ಅರ್ಧ ತಪ್ಪು ಅಂತ ನನಗೆ ಕಲಿಸಿದವರು ಒಬ್ಬ ಅಡಿಗೆಯವರು. ಅವರ ಹೆಸರು ಹಾಕೋಲ್ಲ. ನಮ್ಮ ಕಡೆ ಅಡಿಗೆ ಮಾಡೋರನ್ನ ಭಟ್ರು ಅಂತೀವಲ್ಲ, ಹಾಗೇ ಕರೀತೀನಿ. ಕುಂದಾಪುರದ ಕಡೆಯವರು. ಐರ್ಲೆಂಡ್ ಸರ್ಕಾರ 2018ರಲ್ಲಿ ಹೊರಗಿನ ಬಾಣಸಿಗರಿಗೆ ವರ್ಕ್ ಪರ್ಮಿಟ್ ಬಾಗಿಲು ತೆರೆದಾಗ ಬಂದವರು. ಐದು ವರ್ಷ ತಂದೂರಿ ಒಲೆಯ ಮುಂದೆ ನಿಂತು, ಸ್ಟ್ಯಾಂಪ್ 4 ಸಿಕ್ಕ ಮೇಲೆ 2023ರ ಅಕ್ಟೋಬರಿನಲ್ಲಿ ರಾಸ್‌ಕಾಮನ್ ಕೌಂಟಿಯ ಒಂದು ಸಣ್ಣ ಊರಲ್ಲಿ ಮನೆ ತಗೊಂಡರು. ಮನೆ 2 ಲಕ್ಷ ಯೂರೋ, ಸಾಲ 1,80,000. ಅವರ ಸಂಬಳ ವರ್ಷಕ್ಕೆ 34 ಸಾವಿರ. ಅವರ ಹೆಂಡತಿ (ನಾನು ಅಕ್ಕ ಅಂತೀನಿ) ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ಮೂರು ರಾತ್ರಿ ಪಾಳಿ ಮಾಡ್ತಾರೆ, ಅದು 18 ಸಾವಿರ. ಇಬ್ಬರದೂ ಸೇರಿದರೆ ನನ್ನೊಬ್ಬನ ಸಂಬಳಕ್ಕಿಂತ ಕಡಿಮೆ. ಇದನ್ನ ಬರೆಯೋಕೆ ಸ್ವಲ್ಪ ಮುಜುಗರ ಆಗುತ್ತೆ, ಆದರೆ ಮುಂದಿನ ಲೆಕ್ಕಕ್ಕೆ ಬೇಕು.

ಇಲ್ಲಿ ಮೊದಲ ಮನೆ ಕೊಳ್ಳೋರಿಗೆ ಆದಾಯದ ನಾಲ್ಕು ಪಟ್ಟು ಸಾಲ ಸಿಗಬಹುದು. 2023ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ಮೂರೂವರೆಯಿಂದ ನಾಲ್ಕಕ್ಕೆ ಏರಿಸಿತು. ಶೇ 10 ಕೈಯಿಂದ ಹಾಕಬೇಕು. ಹೆಲ್ಪ್ ಟು ಬೈ ಅಂತ ಸರ್ಕಾರದ ಒಂದು ಯೋಜನೆ ಇದೆ, 30,000 ಯೂರೋವರೆಗೆ ವಾಪಸ್ ಕೊಡುತ್ತೆ. ಆದರೆ ಹೊಸದಾಗಿ ಕಟ್ಟಿದ ಮನೆಗೆ ಮಾತ್ರ. ಭಟ್ರ ಊರಲ್ಲಿ ಹೊಸ ಮನೆ ಎಲ್ಲಿಂದ ಬರಬೇಕು? ಅವರಿಗೆ ಒಂದು ಸೆಂಟೂ ಸಿಗಲಿಲ್ಲ. ಡಬ್ಲಿನ್ನಿನ ಹೊರವಲಯದಲ್ಲಿ ಹೊಸ ಮನೆ ತಗೊಂಡ ನನ್ನ ಸಹೋದ್ಯೋಗಿಗೆ ಪೂರ್ತಿ ಸಿಕ್ಕಿತು. ಸಬ್ಸಿಡಿಗಳು ಯಾವಾಗಲೂ ಇಳಿಜಾರಿಗೆ ಹರಿಯಲ್ಲ ನೋಡಿ, ಕೆಲವು ಸಲ ಮೇಲಕ್ಕೇ ಹರಿಯುತ್ತವೆ.

ಮನೆ ಸಿಕ್ಕ ತಿಂಗಳೇ ಭಟ್ರು ಫೋನ್ ಮಾಡಿದರು. "ತಿಂಗಳಿಗೆ ನೂರೈವತ್ತು ಜಾಸ್ತಿ ಕಟ್ಟಿದ್ರೆ ಎಂತ ಆತ್ತ್ ಅಂತ ನಿನ್ನ ಕಂಪ್ಯೂಟರಲ್ಲಿ ನೋಡಿ ಹೇಳು ಮಾರಾಯ." ಆ ನೂರೈವತ್ತು ಎಲ್ಲಿಂದ ಅಂದರೆ, ಮನೆಯ ಒಂದು ಕೋಣೆಯನ್ನ ಅಕ್ಕನ ಜೊತೆ ಕೆಲಸ ಮಾಡೋ ಮಲಯಾಳಿ ಹುಡುಗಿಗೆ ತಿಂಗಳಿಗೆ 400ಕ್ಕೆ ಕೊಟ್ಟಿದ್ದರು. ತಾವಿರುವ ಮನೆಯ ಕೋಣೆ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 14,000 ಯೂರೋವರೆಗೆ ಇಲ್ಲಿ ತೆರಿಗೆ ಇಲ್ಲ. ರಿಟರ್ನ್ಸಿನಲ್ಲಿ ತೋರಿಸಬೇಕು, ಅಷ್ಟೇ. ಆದರೆ 14,000 ದಾಟಿದರೆ ಅಷ್ಟೂ ದುಡ್ಡಿಗೆ ತೆರಿಗೆ ಬೀಳುತ್ತೆ. ಕಡಿಮೆ ಸಂಬಳದವರಿಗೆ ಈ ದೇಶದಲ್ಲಿ ನಿಜವಾಗಿ ಉಪಯೋಗ ಆಗೋ ನಿಯಮ ಅಂದ್ರೆ ನನ್ನ ಪ್ರಕಾರ ಇದೇ.

ಎಕ್ಸೆಲ್ ತೆಗೆದೆ. 1,80,000 ಸಾಲ, 30 ವರ್ಷ, ಶೇ 4 ಬಡ್ಡಿ. ತಿಂಗಳ ಕಂತು 859 ಯೂರೋ. ಮೊದಲ ತಿಂಗಳ 859ರಲ್ಲಿ 600 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು 259 ಮಾತ್ರ. ಮೂವತ್ತು ವರ್ಷಕ್ಕೆ ಒಟ್ಟು ಬಡ್ಡಿ ಹತ್ತಿರ ಹತ್ತಿರ 1,29,000. ಪ್ರತಿ ತಿಂಗಳೂ 150 ಹೆಚ್ಚು ಕಟ್ಟುತ್ತಾ ಹೋದರೆ 22 ವರ್ಷ 7 ತಿಂಗಳಿಗೆ ಸಾಲ ಚುಕ್ತಾ. ಬಡ್ಡಿಯಲ್ಲಿ ಉಳಿಯೋದು 35,000ಕ್ಕೂ ಹೆಚ್ಚು. ಬೇಗ ಕಟ್ಟಿದಷ್ಟೂ ಲಾಭ ಜಾಸ್ತಿ. ಮೊದಲನೇ ತಿಂಗಳು ಹೆಚ್ಚುವರಿಯಾಗಿ ಹಾಕಿದ 100 ಯೂರೋ, ಮೂವತ್ತನೇ ವರ್ಷದಲ್ಲಿ ಕಟ್ಟಬೇಕಿದ್ದ 331 ಯೂರೋವನ್ನ ತಪ್ಪಿಸುತ್ತೆ. ಅದೇ ನೂರನ್ನ 25 ವರ್ಷ ಆದ ಮೇಲೆ ಹಾಕಿದರೆ ತಪ್ಪೋದು ಬರೀ 122.

ಇಷ್ಟೆಲ್ಲಾ ತೋರಿಸಿ, ಕೊನೆಗೆ ನಾನು ಏನಂದೆ ಗೊತ್ತಾ? "ಬೇಡ ಭಟ್ರೇ, ಆ 150ನ್ನ ಶೇರು ಫಂಡಿಗೆ ಹಾಕಿ."

ಭಟ್ರು ನಕ್ಕರು. "ಸಾಲ ಇದ್ರೆ ನಂಗೆ ನಿದ್ರಿ ಬತ್ತಿಲ್ಲೆ ಮಾರಾಯ" ಅಂದರು. ನಾನು ಮನಸ್ಸಲ್ಲೇ, ಇದು ಹಳೇ ಕಾಲದ ಭಯ ಅಂದುಕೊಂಡೆ. ಸಾಲದ ಮೇಲೆ ಸರ್ವಜ್ಞ ಹೇಳಿದ್ದನ್ನ ಶಾಲೆಯಲ್ಲಿ ಬಾಯಿಪಾಠ ಮಾಡಿದ ಭಯ. ತರೀಕೆರೆಯಲ್ಲಿ ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ತುಟ್ಟಿಭತ್ಯೆಯ ಬಾಕಿ ಬಂದಾಗಲೆಲ್ಲ ಮನೆ ಸಾಲಕ್ಕೆ ಕಟ್ಟೋರು, ದೀಪಾವಳಿ ಬಟ್ಟೆ ಮುಂದಕ್ಕೆ ಹೋಗ್ತಿತ್ತು. ಸಾಲ ತೀರಿ ಪತ್ರಗಳು ವಾಪಸ್ ಬಂದ ದಿನ ಅವನ್ನ ದೇವರ ಮುಂದೆ ಇಟ್ಟು ಅಮ್ಮ ಹೋಳಿಗೆ ಮಾಡಿದ್ದರು. ಭಟ್ರೂ ಅದೇ ಜಾತಿ ಅಂದುಕೊಂಡೆ.

ಆಮೇಲೆ ಒಂದು ರಾತ್ರಿ ಸುಮ್ಮನೆ ಕೂತು ತೆರಿಗೆ ಸೇರಿಸಿ ಲೆಕ್ಕ ಹಾಕಿದೆ. ನನ್ನ ಸಲಹೆ ನನ್ನ ಸಂಬಳಕ್ಕೆ ಹೊಂದುತ್ತಿತ್ತು, ಅವರ ಸಂಬಳಕ್ಕಲ್ಲ. ನಾನು ಶೇ 40ರ ತೆರಿಗೆ ಹಂತದಲ್ಲಿದೀನಿ. ಪೆನ್ಶನ್ನಿಗೆ 100 ಯೂರೋ ಹಾಕಿದರೆ ನನ್ನ ಕೈಯಿಂದ ಹೋಗೋದು 60. ಅವರು ಶೇ 20ರವರು, ಅವರಿಗೆ 80 ಹೋಗುತ್ತೆ. ಇನ್ನು ಫಂಡು? ಇಟಿಎಫ್ ಲಾಭದ ಮೇಲೆ ಇಲ್ಲಿ 2025ರವರೆಗೆ ಶೇ 41 ತೆರಿಗೆ ಇತ್ತು, 2026ರಿಂದ 38. ಎಂಟು ವರ್ಷಕ್ಕೊಮ್ಮೆ ಮಾರದೇ ಇದ್ದರೂ ಮಾರಿದ ಹಾಗೆ ಲೆಕ್ಕ ಹಿಡಿದು ತೆರಿಗೆ ಕಟ್ಟಿಸಿಕೊಳ್ತಾರೆ. ಬ್ಯಾಂಕ್ ಠೇವಣಿಯ ಬಡ್ಡಿಗೆ ಶೇ 33 ಕಡಿತ. ಅಂದರೆ ಶೇ 4ರ ಸಾಲ ತೀರಿಸೋದಕ್ಕೆ ಸಮನಾಗಬೇಕಾದರೆ ಠೇವಣಿ ಸುಮಾರು ಶೇ 6 ಬಡ್ಡಿ ಕೊಡಬೇಕು. ಯಾವ ಬ್ಯಾಂಕ್ ಕೊಡುತ್ತೆ ಸ್ವಾಮಿ? ಕಡಿಮೆ ಸಂಬಳದವರಿಗೆ ಸಾಲ ತೀರಿಸೋದೇ ತೆರಿಗೆ ಇಲ್ಲದ, ನಷ್ಟದ ಭಯ ಇಲ್ಲದ ಉಳಿತಾಯ. ಭಟ್ರ ನಿದ್ದೆಯ ಲೆಕ್ಕ ನನ್ನ ಎಕ್ಸೆಲ್ಲಿಗಿಂತ ಸರಿ ಇತ್ತು.

ಅವರ ಭಯ ಹಳೇ ಕಾಲದ್ದು ಅಂದೆನಲ್ಲ, ಅದೂ ತಪ್ಪು. ಅವರಿರುವ ಬಡಾವಣೆಯ ಕತೆ ಕೇಳಿ. ಸೆಲ್ಟಿಕ್ ಟೈಗರ್ ಕಾಲದಲ್ಲಿ ಲಾಂಗ್‌ಫರ್ಡ್, ಲೀಟ್ರಿಮ್, ರಾಸ್‌ಕಾಮನ್ ಕಡೆ ತೆರಿಗೆ ರಿಯಾಯಿತಿ ಕೊಟ್ಟು ಮನೆಗಳ ಮೇಲೆ ಮನೆ ಕಟ್ಟಿಸಿದರು. 2008ರಲ್ಲಿ ಎಲ್ಲಾ ಕುಸಿಯಿತು. 2007ರಿಂದ 2013ರೊಳಗೆ ದೇಶದ ಮನೆ ಬೆಲೆ ಅರ್ಧಕ್ಕಿಂತ ಹೆಚ್ಚು ಬಿತ್ತು. 2010ರ ನವೆಂಬರಿನಲ್ಲಿ ದೇಶವೇ 85 ಬಿಲಿಯನ್ ಯೂರೋ ನೆರವಿಗೆ ಒಪ್ಪಬೇಕಾಯಿತು. ಭಟ್ರ ಪಕ್ಕದ ಮನೆಯ ಅಜ್ಜನ ಮಗ 2006ರಲ್ಲಿ ಮನೆ ಕೊಂಡವನು, ಮನೆಯ ಬೆಲೆಗಿಂತ ಸಾಲ ಜಾಸ್ತಿಯಾಗಿ ಆಸ್ಟ್ರೇಲಿಯಾಕ್ಕೆ ಹೋದವನು ಇನ್ನೂ ಅಲ್ಲೇ ಇದಾನೆ. ಇನ್ನು ಬಡ್ಡಿ ದರ: ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ 2022ರ ಜುಲೈನಿಂದ 2023ರ ಸೆಪ್ಟೆಂಬರಿನೊಳಗೆ ಸತತ ಹತ್ತು ಸಲ ಏರಿಸಿತು. ಟ್ರ್ಯಾಕರ್ ಸಾಲ ಇದ್ದವರ ಕಂತು ನೋಡನೋಡುತ್ತಾ ನೂರಾರು ಯೂರೋ ಏರಿತು. ಇದನ್ನೆಲ್ಲ ನೋಡಿದವರು ಸಾಲಕ್ಕೆ ಹೆದರೋದು ಬುದ್ಧಿವಂತಿಕೆ.

ಒಂದು ಸಣ್ಣ ಎಚ್ಚರಿಕೆ, ಊರಿನಿಂದ ಫೋನಲ್ಲಿ "ಬೇಗ ತೀರಿಸಿಬಿಡಿ" ಅನ್ನೋ ಮಾವಂದಿರಿಗಾಗಿ. ಭಾರತದಲ್ಲಿ 2012ರಿಂದ ಫ್ಲೋಟಿಂಗ್ ದರದ ಗೃಹಸಾಲ ಬೇಗ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಲ್ಲಿಸಿದೆ. ಇಲ್ಲೂ ವೇರಿಯಬಲ್ ದರದ ಸಾಲಕ್ಕೆ ದಂಡ ಇಲ್ಲ. ಆದರೆ ಫಿಕ್ಸೆಡ್ ದರದ ಅವಧಿಯಲ್ಲಿ ದೊಡ್ಡ ಮೊತ್ತ ಕಟ್ಟಿದರೆ ಬ್ರೇಕೇಜ್ ಶುಲ್ಕ ಬೀಳಬಹುದು. ಕೆಲವು ಬ್ಯಾಂಕು ವರ್ಷಕ್ಕೆ ಶೇ 10ರವರೆಗೆ ಸುಮ್ಮನೆ ಬಿಡುತ್ತವೆ, ಕೆಲವು ಅಷ್ಟು ಬಿಡಲ್ಲ. ಮೊದಲು ಕೇಳಿ. ಕಟ್ಟುವಾಗ ಅವಧಿ ಇಳಿಸಬೇಕೋ ಕಂತು ಇಳಿಸಬೇಕೋ ಅಂತ ಬರವಣಿಗೆಯಲ್ಲಿ ಕೊಡಿ.

ಈಗ ಭಟ್ರು ತಪ್ಪು ಮಾಡಿದ ಕಡೆಗೆ ಬರ್ತೀನಿ. 2024ರ ನವೆಂಬರಿನಲ್ಲಿ, ನನಗೆ ಹೇಳದೆ, ಉಳಿಸಿದ್ದ 6,000 ಯೂರೋವನ್ನ ಒಂದೇ ಸಲಕ್ಕೆ ಸಾಲಕ್ಕೆ ಕಟ್ಟಿಬಿಟ್ಟರು. ಖಾತೆಯಲ್ಲಿ ಉಳಿದದ್ದು 900 ಚಿಲ್ಲರೆ. ಜನವರಿಯಲ್ಲಿ, ಕ್ರಿಸ್‌ಮಸ್ ವ್ಯಾಪಾರ ಮುಗಿಸಿ, ಅವರ ರೆಸ್ಟೋರೆಂಟಿನ ಮಾಲೀಕರು ಶಟರ್ ಎಳೆದರು. ಆ ಹೊತ್ತಿಗೆ ಇಲ್ಲಿ ಸಣ್ಣ ಹೋಟೆಲುಗಳು ಮುಚ್ಚೋದು ದಿನನಿತ್ಯದ ಸುದ್ದಿ. 2023ರ ಸೆಪ್ಟೆಂಬರಿನಲ್ಲಿ ಊಟದ ಮೇಲಿನ ವ್ಯಾಟ್ 9ರಿಂದ 13.5ಕ್ಕೆ ವಾಪಸ್ ಹೋಗಿತ್ತು, ಅದೂ ಒಂದು ಕಾರಣ.

ಕೆಲಸ ಹೋದವರಿಗೆ ಆಗ ಸಿಗುತ್ತಿದ್ದ ಗರಿಷ್ಠ ಭತ್ಯೆ ವಾರಕ್ಕೆ 244 ಯೂರೋ. ಸಂಬಳದ ಶೇ 60ರವರೆಗೆ ಕೊಡೋ ಹೊಸ ಯೋಜನೆ ಶುರುವಾಗಿದ್ದು 2025ರ ಮಾರ್ಚ್ 31ಕ್ಕೆ. ಎರಡೂವರೆ ತಿಂಗಳು ತಡ. ಭಟ್ರು ಬ್ಯಾಂಕಿಗೆ ಫೋನ್ ಮಾಡಿ, "ನಾನು ಆರು ಸಾವಿರ ಮುಂಗಡ ಕಟ್ಟಿದೀನಲ್ಲ, ಈ ಎರಡು ತಿಂಗಳ ಕಂತನ್ನ ಅದರಲ್ಲಿ ಹಿಡ್ಕೊಳ್ಳಿ" ಅಂದರಂತೆ. ಆಗಲ್ಲ ಅಂದರು. ಅದು ಅಸಲಿಗೆ ಸೇರಿ ಆಯಿತು, ಈ ತಿಂಗಳ ಕಂತು ಬೇರೆ. ಆ ಆರು ಸಾವಿರ ಗೋಡೆಯ ಇಟ್ಟಿಗೆ ಆಗಿತ್ತು. ಇಟ್ಟಿಗೆ ಕಿತ್ತು ಅಕ್ಕಿ ತರೋಕಾಗಲ್ಲ.

ಸಾಲ ಅಂದರೆ ನಿದ್ದೆ ಬರದ ಮನುಷ್ಯ ಅವತ್ತು ರಾತ್ರಿ ನನಗೆ ಫೋನ್ ಮಾಡಿ 1,500 ಯೂರೋ ಕೈಸಾಲ ಕೇಳಿದರು. ಕೇಳೋಕೆ ಮುಂಚೆ ಹತ್ತು ನಿಮಿಷ ನಮ್ಮಪ್ಪನ ಆರೋಗ್ಯ ವಿಚಾರಿಸಿದರು. ಅಕ್ಕ ಆ ಎರಡು ತಿಂಗಳು ವಾರಕ್ಕೆ ಐದು ರಾತ್ರಿ ಪಾಳಿ ಮಾಡಿದರು. ಮಾರ್ಚಿನಲ್ಲಿ ಅವರಿಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತು, ಜೂನಿಗೆ ನನ್ನ ದುಡ್ಡು ವಾಪಸ್ ಬಂತು. ಜೊತೆಗೆ ಒಂದು ಡಬ್ಬಿ ಚಟ್ಟಂಬಡೆ.

ಹಾಗಾಗಿ ನನ್ನ ಅಭಿಪ್ರಾಯ ಈಗ ಇಷ್ಟು. ಕಡಿಮೆ ಸಂಬಳದವರು ಬೇಗ ಸಾಲ ತೀರಿಸೋದು ಸರಿ, ನಮ್ಮಂಥ ಸಾಫ್ಟ್‌ವೇರಿನವರು ಅವರಿಗೆ ಬುದ್ಧಿ ಹೇಳೋದು ಬಿಡಬೇಕು. ಆದರೆ ಬ್ಯಾಂಕಿಗೆ ಕೊಟ್ಟ ದುಡ್ಡು ಒಂದೇ ದಿಕ್ಕಿಗೆ ಹೋಗುತ್ತೆ. ನನ್ನ ಕೆಲಸ ಹೋದರೆ ಕಂಪನಿ ಕೈಯಲ್ಲಿ ಏನೋ ಇಟ್ಟು ಕಳಿಸುತ್ತೆ, ಭಟ್ರಿಗೆ ಸಿಕ್ಕಿದ್ದು ಶಟರ್ ಎಳೆದ ಸದ್ದು. ಆರು ತಿಂಗಳ ಕಂತು ಬೇರೆ ಖಾತೆಯಲ್ಲಿ ಇಲ್ಲದೆ ಒಂದು ಯೂರೋನೂ ಹೆಚ್ಚು ಕಟ್ಟಬಾರದು, ಬಡ್ಡಿ ಸ್ವಲ್ಪ ಜಾಸ್ತಿ ಹೋದರೆ ಹೋಗಲಿ.

ಇನ್ನೊಂದು ಮಾತು ಅವರಿಗೆ ಮುಖಕ್ಕೆ ಹೇಳಿಲ್ಲ. ಮೂರು ವರ್ಷದಿಂದ ಅವರು ಊರಿಗೆ ಹೋಗಿಲ್ಲ. ಮೂರು ಟಿಕೆಟ್ಟಿನ ದುಡ್ಡು ಸಾಲಕ್ಕೆ ಹೋಗಿದೆ. ಅವರ ತಾಯಿ ಮೊಮ್ಮಗಳನ್ನ ಫೋನಿನಲ್ಲೇ ನೋಡಿರೋದು. ಇದನ್ನ ಯಾವ ಕಾಲಮ್ಮಿನಲ್ಲಿ ಬರೀಬೇಕು ಅಂತ ನನ್ನ ಶೀಟಿಗೆ ಗೊತ್ತಿಲ್ಲ.

ಅವರ ಮೂರು ವರ್ಷದ ಫಿಕ್ಸೆಡ್ ಅವಧಿ 2026ರ ಅಕ್ಟೋಬರಿಗೆ. ಬಾಕಿ 1,63,000ದ ಆಸುಪಾಸಿಗೆ ಇಳಿದಿದೆ, ಮನೆ ಈಗ ಎರಡು ಕಾಲು ಲಕ್ಷ ಬಾಳುತ್ತೆ. ಸಾಲ ಮನೆಯ ಬೆಲೆಯ ಶೇ 80ಕ್ಕಿಂತ ಕೆಳಗೆ ಬಂದರೆ ಬ್ಯಾಂಕುಗಳು ಸಾಮಾನ್ಯವಾಗಿ ಕಡಿಮೆ ದರ ಕೊಡುತ್ತವೆ. ಅವರ ನೂರೈವತ್ತಕ್ಕಿಂತ ಊರಿನ ಮನೆ ಬೆಲೆ ಏರಿದ್ದೇ ಇದರಲ್ಲಿ ಹೆಚ್ಚು ಕೆಲಸ ಮಾಡಿದೆ, ಅದನ್ನೂ ಒಪ್ಪಿಕೊಳ್ಳಬೇಕು.

ಮೊನ್ನೆ ಮತ್ತೆ ಫೋನ್ ಬಂತು. "ಕೈಯಲ್ಲಿ ಎಷ್ಟಿದೆ ಭಟ್ರೇ?" ಅಂತ ಮೊದಲು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಎರಡು ಸಾವಿರ" ಅಂದರು. ಜಗಳ ಆಡಿ ಆಡಿ, ಹೆಚ್ಚುವರಿ ಕಂತನ್ನ ಐವತ್ತಕ್ಕೆ ಇಳಿಸೋಕೆ ಒಪ್ಪಿಸಿದೀನಿ. ಉಳಿದ ನೂರು ಬೇರೆ ಖಾತೆಗೆ ಹೋಗುತ್ತೆ, ತುರ್ತಿಗೆ ಅಂತ. ಬ್ಯಾಂಕಿನ ಆ್ಯಪಿನಲ್ಲಿ ಆ ಖಾತೆಗೆ ಅಕ್ಕ "ಊರು" ಅಂತ ಹೆಸರಿಟ್ಟಿದ್ದಾರಂತೆ. ಅದು ಟಿಕೆಟ್ಟಿನ ದುಡ್ಡಲ್ಲ ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ.