ಡೀಸೆಲ್ ಗಾಡಿ ಕೈಕೊಟ್ಟರೆ ಇಂಜೆಕ್ಟರ್ ಹೋಯಿತೆಂದೇ ಅರ್ಥವೇ?

ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರದಲ್ಲಿ ಜಗಳೂರು ತಾಲ್ಲೂಕಿನ ರೈತರ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಆ ನಷ್ಟದ ಲೆಕ್ಕವೇ ಬೇರೆ. ಮಳೆ ಕಡಿಮೆ ಬೀಳುವ ಸೀಮೆ ಇದು. ನೆಲದ ಹಸಿ ಆರುವುದರೊಳಗೆ ಮೆಕ್ಕೆಜೋಳವನ್ನೋ ಶೇಂಗಾವನ್ನೋ ಬಿತ್ತಿ ಮುಗಿಸಬೇಕು. ಅಂಥ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಫೋನಿಗೆ ಸಲಹೆಗಳು ಬಂದು ಬೀಳುತ್ತವೆ. 'ಬಿಳಿ ಹೊಗೆ ಬಂದರೆ ಇಂಜೆಕ್ಟರ್ ಹೋಗಿದೆ', 'ಟ್ಯಾಂಕಿಗೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಎಲ್ಲಾ ಕ್ಲೀನ್ ಆಗುತ್ತೆ', 'ಪೈಪಿನ ನಟ್ ಒಂದೊಂದೇ ಸಡಿಲಿಸಿ ನೋಡಿ', 'ಶೋರೂಮಿನಲ್ಲಿ ಕಂಪ್ಯೂಟರ್ ಹಚ್ಚಿದರೆ ಎರಡೇ ನಿಮಿಷ, ಬೇಕಂತಲೇ ಮೂರು ದಿನ ಇಟ್ಕೊಳ್ತಾರೆ'. ಇಂಥ ಮೆಸೇಜ್ ನಿಮಗೂ ಬಂದಿರಬಹುದು, ನೀವೂ ಕಳಿಸಿರಬಹುದು. ಇವುಗಳಲ್ಲಿ ಒಂದು ಸಲಹೆಯಂತೂ ಕೈಬೆರಳನ್ನೇ ಕಳೆಯಬಲ್ಲದು. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಎಂಜಿನ್ ವಿಷಯ. ಪೆಟ್ರೋಲ್ ಎಂಜಿನ್ನಿನ ಹಾಗೆ ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು ಹದಿನೆಂಟು ಪಟ್ಟು ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ಲ, ಇಲ್ಲಿಯೂ ಅದೇ ಆಗುತ್ತದೆ. ಆದರೆ ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವವೂ ಇದೇ, ಇವತ್ತಿನ ಪಿಕಪ್ ಗಾಡಿಯ ತತ್ವವೂ ಇದೇ. ಅಂದರೆ ಬೇಕಾದ್ದು ಮೂರೇ: ಸಾಕಷ್ಟು ಗಾಳಿ, ಆ ಗಾಳಿಯನ್ನು ಬಿಗಿಯಾಗಿ ಒತ್ತುವ ಕಂಪ್ರೆಷನ್, ಸರಿಯಾದ ಹೊತ್ತಿಗೆ ಸರಿಯಾದ ಒತ್ತಡದಲ್ಲಿ ಡೀಸೆಲ್. ದೋಷ ಎಷ್ಟೇ ಹಟಮಾರಿಯಾದರೂ ಕೊನೆಗೆ ಈ ಮೂರರಲ್ಲಿ ಒಂದಕ್ಕೇ ಬಂದು ನಿಲ್ಲುತ್ತದೆ.

ಹಾಗಿದ್ದ ಮೇಲೆ ಹುಡುಕುವುದು ಯಾಕೆ ಕಷ್ಟ? ತೊಂದರೆ ಕಾಣಿಸುವುದು ಒಂದು ಕಡೆ, ಅದರ ಬೇರು ಇರುವುದು ಇನ್ನೊಂದು ಕಡೆ. ಹೊಗೆಯನ್ನೇ ನೋಡಿ. ಕಪ್ಪು ಹೊಗೆ ಅಂದರೆ ಗಾಳಿಗೆ ಹೋಲಿಸಿದರೆ ಡೀಸೆಲ್ ಜಾಸ್ತಿಯಾಗಿದೆ. ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೊ ಪೈಪ್ ಹರಿದಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಒಕ್ಕಣೆ ಕಾಲದಲ್ಲಿ ಮೆಕ್ಕೆಜೋಳದ ಹೊಟ್ಟು, ದೂಳಿನ ನಡುವೆ ದಿನವಿಡೀ ಓಡುವ ಎಂಜಿನ್ನಿಗೆ ಮೊದಲು ಅನುಮಾನಿಸಬೇಕಾದದ್ದು ಫಿಲ್ಟರನ್ನೇ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಸ್ವಲ್ಪ ಮೋಸಗಾರ. ಡೀಸೆಲ್ ಉರಿಯದೆ ಹಾಗೇ ಹೊರಬಂದರೂ ಬಿಳಿ, ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಒಳಸೇರಿ ಆವಿಯಾದರೂ ಬಿಳಿ. ಹೊಗೆಯ ಬಣ್ಣ ಯಾವ ಓಣಿಯಲ್ಲಿ ಹುಡುಕಬೇಕೆಂದು ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ.

ಕಂಪ್ಯೂಟರ್ ಎಲ್ಲಾ ಹೇಳುತ್ತದೆಯೇ?

ಶೋರೂಮಿನ ಸ್ಕ್ಯಾನರಿನದೂ ಇದೇ ಕಥೆ. ಉದಾಹರಣೆಗೆ ಪಿ0087 ಎಂಬ ಕೋಡ್ ತೆಗೆದುಕೊಳ್ಳಿ. ಅದರ ಅರ್ಥ ಇಷ್ಟೆ: ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಅಂದರೆ ಕಾಮನ್ ರೈಲಿನಲ್ಲಿ, ಇರಬೇಕಾದಷ್ಟು ಒತ್ತಡ ಇಲ್ಲ. ಯಾಕಿಲ್ಲ ಎಂಬುದು ಅದರಲ್ಲಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದ್ದರೂ, ಪೈಪಿನಲ್ಲಿ ಏರ್ ಹಿಡಿದಿದ್ದರೂ, ಪಂಪ್ ಸವೆದಿದ್ದರೂ, ಇಂಜೆಕ್ಟರಿನಿಂದ ಡೀಸೆಲ್ ಹಿಂದಕ್ಕೆ ಸೋರುತ್ತಿದ್ದರೂ, ಒತ್ತಡ ಅಳೆಯುವ ಸೆನ್ಸರ್ ತಪ್ಪು ಅಳತೆ ತೋರಿಸುತ್ತಿದ್ದರೂ ಬರುವುದು ಅದೇ ಕೋಡ್. ಬ್ಯಾಟರಿ ದುರ್ಬಲವಾಗಿ ಸೆಲ್ಫ್ ಮೋಟಾರ್ ನಿಧಾನಕ್ಕೆ ತಿರುಗಿದರೂ ರೈಲಿನಲ್ಲಿ ಒತ್ತಡ ಏಳುವುದಿಲ್ಲ, ಎಂಜಿನ್ ಹೊತ್ತುವುದಿಲ್ಲ. ಕೋಡ್ ನೋಡಿ ನೇರವಾಗಿ ಪಂಪ್ ಬದಲಿಸಿದವರು ಸಾವಿರಾರು ರೂಪಾಯಿ ಕಳೆದುಕೊಂಡು, ಕೊನೆಗೆ ತುಕ್ಕು ಹಿಡಿದ ಅರ್ಥ್ ವೈರ್ ಉಜ್ಜಿ ಸರಿಮಾಡಿಕೊಂಡ ಕಥೆಗಳು ಗ್ಯಾರೇಜುಗಳಲ್ಲಿ ಬೇಕಾದಷ್ಟಿವೆ.

ಒಳ್ಳೆಯ ಮೆಕ್ಯಾನಿಕ್ ಸ್ಪಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ. 'ಏನಣ್ಣ, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ವೋ, ಬಿಸಿಯಾದ ಮೇಲೆ ಆಗಲ್ವೋ?' ಮಾತು ಸಣ್ಣದು, ಅದರ ಹಿಂದೆ ವಿಜ್ಞಾನ ಇದೆ. ಬಿಸಿಯಾದ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ಪಂಪ್ ಅಥವಾ ಇಂಜೆಕ್ಟರಿನ ಸಂದಿನಲ್ಲಿ ಹೆಚ್ಚು ಸೋರುತ್ತದೆ. ಆದ್ದರಿಂದ ತಣ್ಣಗಿದ್ದಾಗ ಸಲೀಸಾಗಿ ಹೊತ್ತಿ, ಬಿಸಿಯಾದಾಗ ಸತಾಯಿಸುವ ಎಂಜಿನ್ ಸವಕಳಿಯ ಕಡೆ ಬೆರಳು ತೋರಿಸುತ್ತದೆ. ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಮಾತ್ರ ಕಷ್ಟಪಡುವ ಎಂಜಿನ್ನಿನಲ್ಲಿ ಕಂಪ್ರೆಷನ್ ಕಡಿಮೆಯಾಗಿರಬಹುದು, ಇಲ್ಲವೇ ಪೈಪಿನ ಯಾವುದೋ ಜಾಯಿಂಟಿನಲ್ಲಿ ಗಾಳಿ ನುಸುಳಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರಬಹುದು. ಡೀಸೆಲ್ ಲೈನಿನ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ಗುಳ್ಳೆ ಬರುತ್ತಿದೆಯೇ ನೋಡಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ. ಇಂಜೆಕ್ಟರಿನ ಮೇಲೆ ಅನುಮಾನವಿದ್ದರೆ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಚಿಕ್ಕ ಬಾಟಲಿ ಜೋಡಿಸಿ ಎಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ನಾಲ್ಕನ್ನೂ ಬದಲಿಸುವ ಬದಲು ಒಂದರಲ್ಲೇ ಮುಗಿಯಬಹುದು.

ಎಲ್ಲಕ್ಕಿಂತ ಹಟಮಾರಿ ದೂರು ಇದು: ಗಾಡಿ ಅರ್ಧ ತಾಸು ಚೆನ್ನಾಗಿ ಓಡುತ್ತದೆ, ಲೋಡ್ ಬಿದ್ದಾಗ ಉಸಿರು ಕಟ್ಟಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಹೊಸದು, ಪಂಪ್ ಸರಿ, ಕೋಡ್ ಇಲ್ಲ. ಇಂಥ ಸಂದರ್ಭದಲ್ಲಿ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಹೊಲದಲ್ಲಿ ಕ್ಯಾನಿನಿಂದ ಡೀಸೆಲ್ ಸುರಿಯುವಾಗ ಬಿದ್ದ ಒಂದು ಎಲೆಯೋ ಪ್ಲಾಸ್ಟಿಕ್ ಚೂರೋ ಹೀರುವ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತಾಗ ಎಳೆತ ತಪ್ಪಿ ಕಳಚಿಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ಕಂಡಿ ಮಣ್ಣಿನಿಂದ ಮುಚ್ಚಿದ್ದರೂ ಹೀಗೇ ಆಗುತ್ತದೆ. ಮುಚ್ಚಳ ಸಡಿಲಿಸಿ ಓಡಿಸಿದಾಗ ಸರಿಹೋದರೆ ರಿಪೇರಿಗೆ ಒಂದು ಸೂಜಿ ಸಾಕು.

ಈಗ 'ಬೇಕಂತಲೇ ಇಟ್ಕೊಳ್ತಾರೆ' ಎಂಬ ಮಾತಿಗೆ ಬರೋಣ. ಶೋರೂಂ ವರ್ಕ್‌ಶಾಪಿನ ಮೆಕ್ಯಾನಿಕ್ ಮುಂದೆ ಬೆಳಿಗ್ಗೆಯೇ ಜಾಬ್ ಕಾರ್ಡುಗಳ ಸಾಲಿರುತ್ತದೆ. ನೀವು ಐದು ನಿಮಿಷ ವಿವರಿಸಿದ್ದು ಕಾರ್ಡಿನಲ್ಲಿ 'ಪಿಕಪ್ ಇಲ್ಲ' ಎಂಬ ಎರಡು ಪದವಾಗಿರುತ್ತದೆ. ಏರಿನಲ್ಲಿ ಲೋಡ್ ಹೊತ್ತಾಗ ಮಾತ್ರ ಬರುವ ದೋಷ ಶೆಡ್ಡಿನಲ್ಲಿ ಖಾಲಿ ನಿಂತ ಗಾಡಿಯಲ್ಲಿ ಕಾಣಿಸುವುದೇ ಇಲ್ಲ. ಜೊತೆಗೆ ಒಂದು ಕಹಿ ಸತ್ಯವೂ ಇದೆ: ಬದಲಿಸಿದ ಪಾರ್ಟಿಗೆ ಬಿಲ್ ಹಾಕುವುದು ಸುಲಭ, ಎರಡು ತಾಸು ಯೋಚಿಸಿ ಅಳೆದದ್ದಕ್ಕೆ ಬಿಲ್ ಹಾಕಿದರೆ ಗಿರಾಕಿಯೇ ಜಗಳಕ್ಕೆ ಬರುತ್ತಾನೆ. ಹೀಗಾಗಿ ಊಹೆಯ ಮೇಲೆ ಪಾರ್ಟ್ ಬದಲಿಸುವ ಚಾಳಿಗೆ ವರ್ಕ್‌ಶಾಪಿನ ಅವಸರ ಎಷ್ಟು ಕಾರಣವೋ ನಮ್ಮ ಅವಸರವೂ ಅಷ್ಟೇ ಕಾರಣ ಎಂಬುದು ನಮ್ಮ ಅನಿಸಿಕೆ.

ನಟ್ ಸಡಿಲಿಸುವ ವಿಡಿಯೊ

ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೊ ಕಂಪನಿ, ಅಂದರೆ ಇಂದಿನ ಬಾಷ್, ಮಾಡಿದ ಡೀಸೆಲ್ ಪಂಪುಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ನಮ್ಮಲ್ಲಿ ಬಹಳ. ಹಳೆಯ ಪಂಪಿನ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ ಸಡಿಲಿಸಿ, ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹೇಳುವುದು ಅವರ ವಿದ್ಯೆ. ಆ ವಿದ್ಯೆ ಸುಳ್ಳಲ್ಲ. ಆದರೆ ಅಲ್ಲಿ ನಾಜಲ್ ತೆರೆಯುವ ಒತ್ತಡ ಸುಮಾರು 200 ಬಾರ್. ಕಾಮನ್ ರೈಲ್ ಎಂಜಿನ್ನಿನಲ್ಲಿ ಅದು 1,600 ಬಾರ್ ಮೀರಬಲ್ಲದು, ಅಂದರೆ ಕಾರಿನ ಟೈರಿನೊಳಗಿನ ಒತ್ತಡದ ನೂರಾರು ಪಟ್ಟು. ಅಲ್ಲಿ ನಟ್ ಸಡಿಲಿಸಿದರೆ ಚಿಮ್ಮುವ ಎಳೆ ಕೈಗವಸನ್ನೂ ಚರ್ಮವನ್ನೂ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಲಿಗೆ ನೋವೂ ಕಡಿಮೆ. ಕೆಲವೇ ತಾಸುಗಳಲ್ಲಿ ಬೆರಳು ಊದಿ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಹೀಗಾದರೆ ಅರಿಸಿನ ಹಚ್ಚಿ ಕಾಯಬೇಡಿ. ತಕ್ಷಣ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, 'ಹೆಚ್ಚಿನ ಒತ್ತಡದ ಡೀಸೆಲ್ ಕೈಯೊಳಗೆ ಹೋಗಿದೆ' ಎಂದು ಬಿಡಿಸಿ ಹೇಳಿ. ಇದೇ ಕಾರಣಕ್ಕೆ ಸೋರಿಕೆಯನ್ನು ಕೈ ಸವರಿ ಹುಡುಕಬಾರದು, ರಟ್ಟು ಹಿಡಿದು ನೋಡಬೇಕು.

ಪೆಟ್ರೋಲ್ ಬೆರೆಸುವ ಸಲಹೆಯೂ ಅಪಾಯವೇ. ಪಂಪ್ ಮತ್ತು ಇಂಜೆಕ್ಟರಿಗೆ ಡೀಸೆಲ್ಲೇ ಎಣ್ಣೆ, ಅದರ ಜಿಡ್ಡಿನಿಂದಲೇ ಅವು ಸವೆಯದೆ ಉಳಿಯುವುದು. ಪೆಟ್ರೋಲಿಗೂ ಸೀಮೆಎಣ್ಣೆಗೂ ಆ ಜಿಡ್ಡು ಸಾಲದು.

ಇನ್ನೊಂದು ಸಲಹೆ ರೈತರ ಮನೆಗೆ ಹತ್ತಿರದ್ದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಹೊಗೆ ಶುದ್ಧೀಕರಣಕ್ಕೆ ಡಿಇಎಫ್ ಎಂಬ ದ್ರವ ಹಾಕಬೇಕು. ಅದರಲ್ಲಿ ಇರುವುದು 32.5 ಶೇಕಡಾ ಯೂರಿಯಾ, ಉಳಿದದ್ದು ಲವಣ ತೆಗೆದ ಶುದ್ಧ ನೀರು. 'ಹಾಗಾದರೆ ಗೊಬ್ಬರದ ಯೂರಿಯಾವನ್ನೇ ಕರಗಿಸಿ ಹಾಕಿ' ಎನ್ನುವವರಿದ್ದಾರೆ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಎರಡೂ ಸೇರಿ ಸಿಂಪಡಿಸುವ ನಾಜಲ್ಲನ್ನೂ ಸೈಲೆನ್ಸರಿನೊಳಗಿನ ದುಬಾರಿ ಭಾಗವನ್ನೂ ಕಟ್ಟಿಹಾಕುತ್ತವೆ. ಸಬ್ಸಿಡಿ ಯೂರಿಯಾವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ಮುಂದಿನ ಸಲ ಗಾಡಿ ಬಿಡುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಖಾಲಿಯಲ್ಲೋ ಲೋಡಿನಲ್ಲೋ, ಹೊಗೆಯ ಬಣ್ಣ ಯಾವುದು, ಕೊನೆಯ ಸಲ ಡೀಸೆಲ್ ಎಲ್ಲಿ ಹಾಕಿಸಿದ್ದು, ಅದಕ್ಕೂ ಮುಂಚೆ ಯಾರು ಏನು ಬಿಚ್ಚಿದ್ದರು. ಆಗುವಾಗಲೇ ಫೋನಿನಲ್ಲಿ ಒಂದು ವಿಡಿಯೊ ತೆಗೆದಿದ್ದರೆ ಇನ್ನೂ ಒಳ್ಳೆಯದು. ಅದನ್ನು ಗ್ರೂಪಿಗೆ ಹಾಕುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಯಾವ ಪಾರ್ಟ್ ಬದಲಿಸುವ ಮುಂಚೆಯೂ 'ಏನು ಅಳೆದು ನೋಡಿದಿರಿ?' ಎಂದು ಕೇಳಿ.