ಶಿಬಿರ ಒಂದು ದಿನ, ಕಾಯಿಲೆ ವರ್ಷವಿಡೀ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಉಚಿತ ಆರೋಗ್ಯ ಶಿಬಿರಗಳಿಗೆ ಕೊರತೆಯಿಲ್ಲ. ಬ್ಯಾನರ್ ಕಟ್ಟುತ್ತಾರೆ, ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ಬೆಳಗ್ಗಿನಿಂದ ನಿಂತು ದುಡಿಯುತ್ತಾರೆ. ಅವರ ಶ್ರಮಕ್ಕೆ ಕೈಮುಗಿಯೋಣ. ಆದರೆ ಒಂದು ಪ್ರಶ್ನೆ: ಅಂದು ಬಿಪಿ 170 ಬಂದವರನ್ನು ಮುಂದಿನ ವಾರ ಯಾರು ನೋಡಿದರು?

ಬೆಳಗ್ಗೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರೂ ಇದ್ದಾರೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಹೋದರೂ ಮಾತಿನ ತೊಡಕು. "ಎದ್ಯಾಗ ಹಿಡದಂಗ ಆಗ್ತದ್ರಿ" ಎಂಬ ಮಾತು ಅರೆಬರೆ ಹಿಂದಿಯಲ್ಲಿ "ಗ್ಯಾಸ್" ಆಗಿಬಿಟ್ಟರೆ ಹೃದಯದ ತೊಂದರೆ ಕೈತಪ್ಪಿ ಹೋಗಬಹುದು.

ಕ್ಷಯವನ್ನೇ ನೋಡಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ. ಆದರೆ ಎರಡೇ ತಿಂಗಳಲ್ಲಿ ಕೆಮ್ಮು ನಿಂತು ಮೈಗೆ ಶಕ್ತಿ ಬರುತ್ತದೆ. ಅಷ್ಟರಲ್ಲಿ ಊರ ಜಾತ್ರೆ, ಯುಗಾದಿ. ಊರಿಗೆ ಹೋದವರು ಮಾತ್ರೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಕ್ಷಯವೂ ಆಗಬಹುದು. ನಿಕ್ಷಯ್ ನೋಂದಣಿಯನ್ನು ಕರ್ನಾಟಕದ ಕೇಂದ್ರಕ್ಕೆ ವರ್ಗಾಯಿಸಿಕೊಂಡು ಅಲ್ಲಿಯೇ ಮಾತ್ರೆ ಮುಂದುವರಿಸಬಹುದು. ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳಿನ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಇದನ್ನೆಲ್ಲ ಅವರ ಮಾತಿನಲ್ಲೇ ಕೂತು ಹೇಳುವವರು ಬೇಕು.

ಆ ಕೆಲಸ ನಮ್ಮ ಮನೆಯ ಮಕ್ಕಳಿಂದ ಆಗುತ್ತದೆ. ಕಳವಾ, ನೆರುಳ್, ಕಾಮೋಠೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಕೆಲವು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸುವ ಪದ್ಧತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವೇ ತಂದಿದೆ. ಹಳ್ಳಿಗೆ ಸರಿಯಾದದ್ದು ನಮ್ಮ ಪಕ್ಕದ ಚಾಳಿಗೆ, ಜೋಪಡಿಗೆ ಯಾಕೆ ಬೇಡ?

ನನ್ನ ಅಭಿಪ್ರಾಯ ಇಷ್ಟೇ: ದೊಡ್ಡ ಶಿಬಿರ ಒಂದು ಕಡಿಮೆಯಾದರೂ ಚಿಂತೆಯಿಲ್ಲ. ಒಬ್ಬ ವಿದ್ಯಾರ್ಥಿಗೆ ಐದು ಮನೆ, ತಿಂಗಳಿಗೆ ಎರಡು ಭಾನುವಾರ, ಎರಡೆರಡು ಗಂಟೆ. ಹತ್ತು ವಿದ್ಯಾರ್ಥಿಗಳಾದರೆ ಐವತ್ತು ಮನೆ. ಓದು ಮುಗಿಸಿ ಹೋಗುವವರು ತಮ್ಮ ಮನೆಗಳನ್ನು ಕಿರಿಯರಿಗೆ ಒಪ್ಪಿಸಿ ಹೋಗಬೇಕು. ನಮ್ಮ ಕನ್ನಡ ಸಂಘಗಳು ಒಂದು ಬಿಪಿ ಯಂತ್ರ, ಒಂದು ದಾಖಲೆ ಪುಸ್ತಕ, ಓಡಾಟದ ಖರ್ಚು ನೋಡಿಕೊಂಡರೆ ಸಾಕು.

ಕೆಲವು ಕಟ್ಟುನಿಟ್ಟು ಇರಲಿ:

• ವಿದ್ಯಾರ್ಥಿ ಇನ್ನೂ ವೈದ್ಯನಲ್ಲ. ಮಾತ್ರೆ ಬರೆದುಕೊಡುವುದು, ಇಂಜೆಕ್ಷನ್ ಕೊಡುವುದು ಬೇಡ. ಹಿರಿಯ ವೈದ್ಯರೊಬ್ಬರ ಮೇಲ್ವಿಚಾರಣೆ ಇರಲೇಬೇಕು.

• ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆದರಿಸಬೇಡಿ. ಇನ್ನೊಂದು ದಿನ ಮತ್ತೆ ನೋಡಿ, ಹೆಚ್ಚೇ ಇದ್ದರೆ ಹತ್ತಿರದ ಸರ್ಕಾರಿ ಕೇಂದ್ರಕ್ಕೆ ಜೊತೆಗೇ ಕರೆದೊಯ್ಯಿರಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಇದ್ದರೆ ಕಾಯದೆ ಆಸ್ಪತ್ರೆಗೆ.

• ರೋಗಿಯ ಫೋಟೋ, ಹೆಸರು ಯಾವ ಗ್ರೂಪಿಗೂ ಹೋಗಬಾರದು. ಕ್ಷಯ ಎಂದು ಗೊತ್ತಾದರೆ ಬಾಡಿಗೆ ಮನೆ, ಕೆಲಸ ಎರಡೂ ಹೋದೀತು.

"ಮಕ್ಕಳಿಗೆ ಪರೀಕ್ಷೆ ಇದೆ, ಪುರುಸೊತ್ತೆಲ್ಲಿ?" ಎನ್ನುವ ಪಾಲಕರ ಮಾತು ಸುಳ್ಳಲ್ಲ. ಪರೀಕ್ಷೆಯ ತಿಂಗಳು ಬಿಡಲಿ, ಇನ್ನೊಬ್ಬರು ನೋಡಿಕೊಳ್ಳಲಿ. ಆದರೆ ಮಾತ್ರೆ ಕೈಯಲ್ಲಿದ್ದೂ ರೋಗಿ ಯಾಕೆ ನುಂಗುವುದಿಲ್ಲ ಎಂಬುದನ್ನು ಪುಸ್ತಕಕ್ಕಿಂತ ಆ ಹತ್ತಡಿಯ ಕೋಣೆ ಚೆನ್ನಾಗಿ ಕಲಿಸುತ್ತದೆ.

ನಿಮ್ಮ ಮನೆಯಲ್ಲಿ, ಬಳಗದಲ್ಲಿ ಇಂಥ ವಿದ್ಯಾರ್ಥಿಗಳಿದ್ದರೆ ಇದನ್ನು ಅವರಿಗೆ ಕಳುಹಿಸಿ. ಕಳುಹಿಸಿ ಸುಮ್ಮನಾಗಬೇಡಿ, ಮೊದಲ ಭಾನುವಾರ ಅವರ ಜೊತೆ ನೀವೂ ಹೋಗಿ ಬನ್ನಿ.